ನ್ಯಾಯಪೀಠದಿಂದ ಸಭಾಪೀಠಕ್ಕೆ

ಕರಾವಳಿಯ ಗದ್ದೆಬಯಲುಗಳಲ್ಲಿ ಒಬ್ಬನ ಭೂಮಿಗೂ ನೆರೆಯವನ ಭೂಮಿಗೂ ನಡುವೆ ಗಡಿಕಲ್ಲೊಂದು ನೆಟ್ಟಿರುತ್ತದೆ. ಮಳೆಗಾಲದಲ್ಲಿ ಹುಲ್ಲು ಬೆಳೆದು ಮುಚ್ಚಿಹೋಗುವ ಆ ಕಲ್ಲು ಸಾಮಾನ್ಯ ದಿನಗಳಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬಲವುಳ್ಳವನು ಅದನ್ನು ಒಂದು ಗೇಣು ಸರಿಸಿದ ದಿನ ಅದರ ಬೆಲೆ ಊರಿಗೆಲ್ಲ ತಿಳಿಯುತ್ತದೆ. ರಾಜ್ಯವನ್ನಾಳುವವರ ಅಧಿಕಾರಕ್ಕೂ ಇಂತಹ ಗಡಿಕಲ್ಲುಗಳುಂಟು. ಹೊಸದನ್ನು ಕಟ್ಟುವ ಉತ್ಸಾಹದಲ್ಲಿ ಅವುಗಳನ್ನು ದಾಟಬಾರದೆಂದು ಎಚ್ಚರಿಸುವವರನ್ನು ಸಂಪ್ರದಾಯಶೀಲರೆಂದು ಕರೆಯುವುದು ವಾಡಿಕೆ. ಈ ಮಾತನ್ನು ಕೆಲವರು ಹೊಗಳಿಕೆಯಾಗಿಯೂ ಕೆಲವರು ತೆಗಳಿಕೆಯಾಗಿಯೂ ಬಳಸುತ್ತಾರೆ. ಕಾರ್ಕಳ ತಾಲ್ಲೂಕಿನ ಕೌಡೂರು ಸದಾನಂದ ಹೆಗ್ಡೆಯವರು ತಮ್ಮ ಜೀವಿತಕಾಲದಲ್ಲಿ ಆ ಎರಡು ಧ್ವನಿಗಳನ್ನೂ ಕೇಳಿದವರು. ಸಂಸತ್ತಿನ ಸದಸ್ಯರಾಗಿ, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿ, ಲೋಕಸಭೆಯ ಸಭಾಧ್ಯಕ್ಷರಾಗಿ ಅವರು ದೇಶದ ಮೂರು ಉನ್ನತ ಪೀಠಗಳ ಸಮೀಪದಲ್ಲಿ ಬಾಳಿದರು. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದು ಅನಂತರ ಲೋಕಸಭೆಯ ಸಭಾಧ್ಯಕ್ಷರಾದವರು ಭಾರತದಲ್ಲಿ ಅವರೊಬ್ಬರೇ.

ಮಣಿಪಾಲದ ಗುಡ್ಡವನ್ನು ಹಿಂದೆ ಬಿಟ್ಟು ಪೂರ್ವಾಭಿಮುಖವಾಗಿ ಸಾಗಿದರೆ, ಘಟ್ಟದ ನೀಲಿಯ ಸಾಲು ಹತ್ತಿರವಾಗುತ್ತಿದ್ದಂತೆ ಕಾರ್ಕಳದ ಸೀಮೆ ಎದುರಾಗುತ್ತದೆ. ಕರಿಬಂಡೆಯ ಮೇಲೆ ನಿಂತ ಗೊಮ್ಮಟನಿಂದ ನಾಡಿಗೆಲ್ಲ ಪರಿಚಿತವಾದ ಈ ಸೀಮೆಯ ಕೌಡೂರಿನಲ್ಲಿ 1909ನೆಯ ಇಸವಿಯ ಜೂನ್ 11ರಂದು ಸದಾನಂದ ಹೆಗ್ಡೆಯವರು ಜನಿಸಿದರು. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ ಜಿಲ್ಲೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್, ಪ್ರಾಂತದ ರಾಜಧಾನಿಯಲ್ಲಿ ತಮಿಳು ಎಂಬಂತಿದ್ದ ಕಾಲವದು. ಹೆಗ್ಡೆಯವರು ಊರಿನಲ್ಲಿಯೂ ಕಾರ್ಕಳದಲ್ಲಿಯೂ ಓದಿ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಸೇರಿ, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಕಾನೂನು ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. ಪದವಿ ಪಡೆದು ಮರಳಿ ತಮ್ಮ ಜಿಲ್ಲೆಯಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ಸ್ವಾತಂತ್ರ್ಯ ಬಂದ 1947ರಿಂದ 1951ರವರೆಗೆ ಸರ್ಕಾರಿ ವಕೀಲರಾಗಿದ್ದರು.

ಭೂಮಿಯ ವ್ಯಾಜ್ಯಗಳೇ ಹೇರಳವಾಗಿದ್ದ ಜಿಲ್ಲೆ ಅದು. ಮೂಲಗೇಣಿ, ಚಾಲಗೇಣಿ, ಅಳಿಯಸಂತಾನದ ಪಾಲು ಇಂತಹ ತೊಡಕುಗಳಲ್ಲಿ ಸಿಲುಕಿ ಮೂರು ತಲೆಮಾರು ನ್ಯಾಯಾಲಯದ ಮೆಟ್ಟಿಲು ಹತ್ತಿಳಿದ ಕುಟುಂಬಗಳು ಕಡಿಮೆಯಿರಲಿಲ್ಲ. ಕಾಗದದ ಮೇಲಿನ ಒಂದು ಸಾಲು ಒಂದು ಮನೆತನದ ಅನ್ನವನ್ನು ಹೇಗೆ ನಿರ್ಧರಿಸಬಲ್ಲುದೆಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಇರಲಾರದು.

1952ರಲ್ಲಿ ಸ್ವತಂತ್ರ ಭಾರತದ ಮೊದಲ ರಾಜ್ಯಸಭೆ ರಚಿತವಾಯಿತು. ರಾಜ್ಯಸಭೆಗೆ ಜನರು ನೇರವಾಗಿ ಮತ ನೀಡುವುದಿಲ್ಲ. ಆಯಾ ರಾಜ್ಯದ ವಿಧಾನಸಭೆಯ ಸದಸ್ಯರು ಆರಿಸಿ ಕಳುಹಿಸುತ್ತಾರೆ. ಹೀಗೆ ಮದರಾಸು ರಾಜ್ಯದ ಪ್ರತಿನಿಧಿಯಾಗಿ, ಕಾಂಗ್ರೆಸ್ ಪಕ್ಷದ ವತಿಯಿಂದ, ಹೆಗ್ಡೆಯವರು ದೆಹಲಿಗೆ ಹೋದರು. ಐದು ವರ್ಷಗಳ ಆ ಅವಧಿಯಲ್ಲಿ ಅವರು 1954ರ ವಿಶ್ವಸಂಸ್ಥೆಯ ಮಹಾಧಿವೇಶನಕ್ಕೆ ತೆರಳಿದ ಭಾರತದ ನಿಯೋಗದಲ್ಲಿದ್ದರು. ಆಚಾರ್ಯ ಕೃಪಲಾನಿಯವರ ಅಧ್ಯಕ್ಷತೆಯಲ್ಲಿ ರೈಲ್ವೆ ಇಲಾಖೆಯ ಲಂಚಗುಳಿತನವನ್ನು ವಿಚಾರಿಸಿದ ಸಮಿತಿಯ ಸದಸ್ಯರೂ ಆಗಿದ್ದರು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳು ರಚನೆಯಾಗಿ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ, 1957ರ ಆಗಸ್ಟ್‌ನಲ್ಲಿ, ಹೆಗ್ಡೆಯವರು ರಾಜ್ಯಸಭೆಯ ಸ್ಥಾನವನ್ನು ಬಿಟ್ಟು ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು.

ಪಕ್ಷದ ಅಂಗಳದಿಂದ ನೇರವಾಗಿ ನ್ಯಾಯಪೀಠಕ್ಕೆ ಏರುವುದು ಒಳ್ಳೆಯ ಪದ್ಧತಿಯೇ ಎಂಬ ಪ್ರಶ್ನೆಯನ್ನು ಕೇಳಬಹುದು; ಕೇಳಲೂ ಬೇಕು. ಏರಿಸಿದವರ ಋಣ ಮನಸ್ಸಿನ ಮೂಲೆಯಲ್ಲಿ ಉಳಿದೀತೆಂಬ ಶಂಕೆ ಸಹಜ. ಆದರೆ ಹೆಗ್ಡೆಯವರ ಮಟ್ಟಿಗೆ ಕಾಲವೇ ಉತ್ತರ ಕೊಟ್ಟಿತು. ಬೆಂಗಳೂರಿನ ಕೆಂಪು ಬಣ್ಣದ ಅಠಾರಾ ಕಚೇರಿಯಲ್ಲಿ ಅವರು ಒಂಬತ್ತು ವರ್ಷ ನ್ಯಾಯದಾನ ಮಾಡಿದರು. ಅದರ ಎದುರಿಗೇ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧವು ಹೊಸದಾಗಿ ತಲೆಯೆತ್ತಿ ನಿಂತಿತ್ತು. ಒಂದು ಕಡೆ ಕಾನೂನು ಮಾಡುವ ಮನೆ, ಇನ್ನೊಂದು ಕಡೆ ಅದನ್ನು ಒರೆಗೆ ಹಚ್ಚುವ ಮನೆ. ನಡುವೆ ಒಂದು ರಸ್ತೆ. ಆ ರಸ್ತೆಯ ಎರಡೂ ಬದಿಯ ಕಷ್ಟವನ್ನು ಬಲ್ಲ ನ್ಯಾಯಾಧೀಶರು ಹೆಚ್ಚಿರಲಿಲ್ಲ.

1966ರ ಅಕ್ಟೋಬರ್ 31ರಂದು ದೆಹಲಿಯ ಉಚ್ಚ ನ್ಯಾಯಾಲಯವು ಸ್ಥಾಪನೆಯಾದಾಗ ಅದರ ಪ್ರಥಮ ಮುಖ್ಯ ನ್ಯಾಯಮೂರ್ತಿಗಳಾಗಿ ಹೆಗ್ಡೆಯವರು ನೇಮಕಗೊಂಡರು. ಅಂದು ಅಲ್ಲಿ ಇದ್ದ ನ್ಯಾಯಮೂರ್ತಿಗಳು ನಾಲ್ವರೇ. ಅವರಲ್ಲಿ ಎಚ್. ಆರ್. ಖನ್ನಾ ಅವರೂ ಒಬ್ಬರು. ಆ ಹೆಸರು ಈ ಕಥೆಯಲ್ಲಿ ಮತ್ತೊಮ್ಮೆ ಬರಲಿದೆ. 1967ರ ಜುಲೈ ತಿಂಗಳಲ್ಲಿ ಹೆಗ್ಡೆಯವರು ಸರ್ವೋಚ್ಚ ನ್ಯಾಯಾಲಯವನ್ನು ಸೇರಿದರು.

ಅವರು ಬರೆದ ತೀರ್ಪುಗಳಲ್ಲಿ ಒಂದನ್ನು ವಿದ್ಯಾರ್ಥಿಗಳು ಸುಲಭವಾಗಿ ಅರಿಯಬಹುದು. ಭಾರತೀಯ ಅರಣ್ಯ ಸೇವೆಯೆಂಬ ಹೊಸ ಸೇವೆಗೆ ಜಮ್ಮು ಮತ್ತು ಕಾಶ್ಮೀರ ರಾಜ್ಯದಿಂದ ಅಧಿಕಾರಿಗಳನ್ನು ಆರಿಸಬೇಕಾಗಿತ್ತು. ಆರಿಸುವ ಮಂಡಲಿಯಲ್ಲಿ ಆ ರಾಜ್ಯದ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯ ಹೊಣೆ ಹೊತ್ತಿದ್ದವರು ಸದಸ್ಯರಾಗಿದ್ದರು. ಸೋಜಿಗವೆಂದರೆ, ಆ ಹುದ್ದೆಗಳಿಗೆ ಅವರೂ ಒಬ್ಬ ಅಭ್ಯರ್ಥಿ! ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಹೊರಗೆ ಹೋಗಿದ್ದರು. ಆದರೆ ತಮ್ಮ ಪ್ರತಿಸ್ಪರ್ಧಿಗಳ ಯೋಗ್ಯತೆಯನ್ನು ಅಳೆಯುವಾಗ ಒಳಗೇ ಕುಳಿತಿದ್ದರು. ಪಟ್ಟಿ ಹೊರಬಿದ್ದಾಗ ಅವರ ಹೆಸರೇ ಮೊದಲಿತ್ತು. ಅವಕಾಶ ತಪ್ಪಿದವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಇದು ಆಡಳಿತದ ಕೆಲಸವೇ ಹೊರತು ನ್ಯಾಯವಿಚಾರಣೆಯಲ್ಲ, ಆದ್ದರಿಂದ ನ್ಯಾಯಾಲಯದ ನಿಯಮಗಳು ಇಲ್ಲಿಗೆ ಅನ್ವಯಿಸವು ಎಂದು ಸರ್ಕಾರದ ಪರವಾಗಿ ವಾದಿಸಲಾಯಿತು. 1969ರ ಏಪ್ರಿಲ್ 29ರಂದು ಐವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ಹೆಗ್ಡೆಯವರು ನೀಡಿದ ತೀರ್ಪು ಈ ವಾದವನ್ನು ಒಪ್ಪಲಿಲ್ಲ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧಿಪತಿಯಾಗಕೂಡದೆಂಬ ನಿಯಮವು ಕಚೇರಿಯ ಮೇಜಿಗೂ ಅನ್ವಯಿಸುತ್ತದೆಂದು ಸಾರಿ, ಇಡೀ ಆಯ್ಕೆಯನ್ನು ರದ್ದುಗೊಳಿಸಿತು. ಕ್ರೈಪಕ್ ಪ್ರಕರಣವೆಂದು ಹೆಸರಾದ ಈ ತೀರ್ಪನ್ನು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಊರಿನ ಸಹಕಾರಿ ಸಂಘದಿಂದ ಹಿಡಿದು ವಿಶ್ವವಿದ್ಯಾನಿಲಯದವರೆಗೆ ಯಾವ ಆಯ್ಕೆಯ ಸಮಿತಿಗಾದರೂ ಇದು ಅನ್ವಯಿಸುವ ಮಾತು.

ಇದೇ ವೇಳೆಗೆ ದೇಶದ ರಾಜಕೀಯವು ಕಾವೇರತೊಡಗಿತ್ತು. 1969ರ ಜುಲೈ 19ರಂದು ಪ್ರಧಾನಿ ಇಂದಿರಾ ಗಾಂಧಿಯವರ ಸರ್ಕಾರವು ಹದಿನಾಲ್ಕು ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣಗೊಳಿಸಿತು. ಅವುಗಳಲ್ಲಿ ಎರಡು ಕರಾವಳಿಯ ಮಣ್ಣಿನಲ್ಲಿ ಹುಟ್ಟಿದವು: ಮಂಗಳೂರಿನಲ್ಲಿ ಆರಂಭವಾದ ಕೆನರಾ ಬ್ಯಾಂಕು ಹಾಗೂ 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮಣಿಪಾಲವನ್ನು ಕೇಂದ್ರವಾಗಿ ಮಾಡಿಕೊಂಡಿದ್ದ ಸಿಂಡಿಕೇಟ್ ಬ್ಯಾಂಕು. 1970ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ಮಂದಿ ನ್ಯಾಯಮೂರ್ತಿಗಳಲ್ಲಿ ಹತ್ತು ಮಂದಿ ಆ ಕಾನೂನು ಊರ್ಜಿತವಲ್ಲವೆಂದರು. ಹೆಗ್ಡೆಯವರು ಆ ಹತ್ತು ಮಂದಿಯಲ್ಲಿ ಒಬ್ಬರು. ಭಿನ್ನಮತ ಸೂಚಿಸಿದ ಒಬ್ಬರೇ ನ್ಯಾಯಮೂರ್ತಿ ಎ. ಎನ್. ರೇ. ಸರ್ಕಾರವು ದೋಷಗಳನ್ನು ತಿದ್ದಿ ಹೊಸ ಕಾನೂನನ್ನು ತಂದಿತು. ಬ್ಯಾಂಕುಗಳು ರಾಷ್ಟ್ರದ ಸ್ವತ್ತಾಗಿಯೇ ಉಳಿದವು. ಅದೇ ವರ್ಷದ ಡಿಸೆಂಬರಿನಲ್ಲಿ, ಹಿಂದಿನ ರಾಜಮಹಾರಾಜರ ಮಾನ್ಯತೆಯನ್ನೂ ರಾಜಧನವನ್ನೂ ಒಂದೇ ಆಜ್ಞೆಯಿಂದ ರದ್ದು ಮಾಡಿದ ಕ್ರಮವೂ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಅಲ್ಲಿಯೂ ಹೆಗ್ಡೆಯವರು ಬಹುಮತದ ಕಡೆಗಿದ್ದರು.

ಬಡವರ ಪರವಾದ ಯೋಜನೆಗಳಿಗೆ ನ್ಯಾಯಾಧೀಶರು ಅಡ್ಡಗಾಲು ಹಾಕುತ್ತಿದ್ದಾರೆಂಬ ಕೂಗು ಆಗ ಎದ್ದಿತು. ಹೆಗ್ಡೆಯವರಂಥವರಿಗೆ ಸಂಪ್ರದಾಯಶೀಲರೆಂಬ ಹೆಸರು ಅಂಟಿಕೊಂಡದ್ದು ಹೀಗೆ. ಈ ಕೂಗಿನಲ್ಲಿ ಸತ್ಯಾಂಶವಿರಲಿಲ್ಲವೆಂದು ಹೇಳಲಾಗದು. ಆಸ್ತಿಯ ಹಕ್ಕು ಉಳ್ಳವರಿಗೆ ಕೋಟೆಯಾಗಿತ್ತು. ಗೇಣಿಯ ಗದ್ದೆಯಲ್ಲಿ ದುಡಿದವನಿಗೆ ಅದರಿಂದ ಬಂದ ಫಲ ಅಷ್ಟಕ್ಕಷ್ಟೆ. ದಕ್ಷಿಣ ಕನ್ನಡದ ಸಾವಿರಾರು ಒಕ್ಕಲು ಕುಟುಂಬಗಳು 1974ರ ಭೂಸುಧಾರಣೆಯ ಬಳಿಕ ಭೂನ್ಯಾಯಮಂಡಳಿಯ ಮುಂದೆ ಡಿಕ್ಲರೇಶನ್ ಸಲ್ಲಿಸಿ ತಾವು ಉಳುವ ನೆಲದ ಒಡೆಯರಾದವು. ಕಾನೂನು ಬದಲಾಗದೆ ಇದ್ದಿದ್ದರೆ ಅವರ ಬಾಳೂ ಬದಲಾಗುತ್ತಿರಲಿಲ್ಲ. ಆದುದರಿಂದ ಪ್ರಶ್ನೆಯಿದ್ದದ್ದು ಬದಲಾವಣೆ ಬೇಕೇ ಬೇಡವೇ ಎಂಬುದರಲ್ಲಿ ಅಲ್ಲ. ಬದಲಿಸುವ ಕೈಗೆ ಒಂದು ಮಿತಿ ಉಂಟೇ ಎಂಬುದರಲ್ಲಿ.

ಆ ಪ್ರಶ್ನೆಯು ತನ್ನ ಪೂರ್ಣರೂಪದಲ್ಲಿ ಎದ್ದುನಿಂತದ್ದು ಒಂದು ಕನ್ನಡ ಮಠದ ಕಾರಣದಿಂದ ಎಂಬುದು ಗಮನಾರ್ಹವಾದುದು. ಕಾಸರಗೋಡಿನ ಬಳಿಯ ಎಡನೀರು ಮಠವು ಯಕ್ಷಗಾನ ಸಂಗೀತಗಳಿಗೆ ಆಶ್ರಯವಿತ್ತ ಹಳೆಯ ಮಠ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದುದರಿಂದ ಅಲ್ಲಿನ ಭೂಸುಧಾರಣಾ ಕಾನೂನು ಮಠದ ಭೂಮಿಗೂ ಅನ್ವಯಿಸಿತು. ಮಠದ ಯತಿಗಳಾದ ಕೇಶವಾನಂದ ಭಾರತಿಯವರು 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅರ್ಜಿ ಬಾಕಿಯಿರುವಾಗಲೇ ಸಂಸತ್ತು ಸಂವಿಧಾನಕ್ಕೆ ಹಲವು ತಿದ್ದುಪಡಿಗಳನ್ನು ತಂದಿತು. ಹೀಗಾಗಿ ಮಠದ ಭೂಮಿಯ ಪ್ರಶ್ನೆ ಹಿಂದೆ ಸರಿದು, ಸಂಸತ್ತು ಸಂವಿಧಾನವನ್ನು ಎಷ್ಟರಮಟ್ಟಿಗೆ ಬದಲಿಸಬಹುದು ಎಂಬ ಮಹಾಪ್ರಶ್ನೆ ಮುಂದೆ ಬಂದಿತು. ಹದಿಮೂರು ಮಂದಿ ನ್ಯಾಯಮೂರ್ತಿಗಳು ಒಟ್ಟಿಗೆ ಕುಳಿತು 68 ದಿನ ವಾದಗಳನ್ನು ಆಲಿಸಿದರು. ಅಷ್ಟು ದೊಡ್ಡ ಪೀಠವು ಮತ್ತಾವ ಮೊಕದ್ದಮೆಯನ್ನೂ ಕೇಳಿ ತೀರ್ಮಾನಿಸಿದುದಿಲ್ಲ.

1973ರ ಏಪ್ರಿಲ್ 24ರಂದು ತೀರ್ಪು ಹೊರಬಿದ್ದಿತು. ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲಸ್ವರೂಪವನ್ನು ಕೆಡಿಸಕೂಡದು ಎಂಬುದು ಬಹುಮತದ ನಿರ್ಣಯ. ಮನೆಯ ಕಿಟಕಿ ಬಾಗಿಲುಗಳನ್ನು ಬದಲಿಸಬಹುದು, ಕೋಣೆಗಳನ್ನು ಸೇರಿಸಬಹುದು, ಅಡಿಪಾಯವನ್ನು ಮಾತ್ರ ಅಗೆಯಬಾರದು ಎಂದು ಇದನ್ನು ತಿಳಿಯಬಹುದು. ಹೆಗ್ಡೆಯವರು ನ್ಯಾಯಮೂರ್ತಿ ಮುಖರ್ಜಿಯಾ ಅವರೊಡಗೂಡಿ ಬರೆದ ತೀರ್ಪಿನಲ್ಲಿ ಆ ಅಡಿಪಾಯದ ಕಲ್ಲುಗಳನ್ನು ಹೆಸರಿಸಿದರು. ದೇಶದ ಸಾರ್ವಭೌಮತೆ, ಪ್ರಜಾಪ್ರಭುತ್ವ, ರಾಷ್ಟ್ರದ ಐಕ್ಯ, ವ್ಯಕ್ತಿಸ್ವಾತಂತ್ರ್ಯದ ಮುಖ್ಯ ಲಕ್ಷಣಗಳು. ಇವುಗಳ ಜೊತೆಗೇ ಕಲ್ಯಾಣರಾಜ್ಯವನ್ನೂ ಸಮತೆಯ ಸಮಾಜವನ್ನೂ ಕಟ್ಟಬೇಕೆಂಬ ಆದೇಶ. ಬಡವರ ಹಿತಕ್ಕೆ ಅಡ್ಡ ಬರುವವರೆಂದು ನಿಂದೆಗೊಳಗಾದ ನ್ಯಾಯಾಧೀಶರೊಬ್ಬರು ಸಮತೆಯನ್ನೇ ಅಲುಗಿಸಬಾರದ ಅಡಿಗಲ್ಲೆಂದು ಎಣಿಸಿದುದನ್ನು ಅವರ ವಿಮರ್ಶಕರು ಎತ್ತಿ ಹೇಳಿದುದು ಕಡಿಮೆ.

ಅಂದಿನ ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರ ಸೇವಾವಧಿ ಆ ವಾರದಲ್ಲೇ ಮುಗಿಯುವುದಿತ್ತು. ಸೇವೆಯಲ್ಲಿ ಹಿರಿಯರಾದವರೇ ಮುಂದಿನ ಮುಖ್ಯ ನ್ಯಾಯಮೂರ್ತಿಯಾಗುವುದು ನಡೆದುಬಂದ ಸಂಪ್ರದಾಯ. ಅನಾರೋಗ್ಯದ ಕಾರಣವಿದ್ದ ಒಂದು ಪ್ರಸಂಗವನ್ನುಳಿದು ಅದು ತಪ್ಪಿರಲಿಲ್ಲ. ಆ ಲೆಕ್ಕದಂತೆ ಮೊದಲು ಶೇಲತ್, ಅವರು 1973ರ ಜುಲೈಯಲ್ಲಿ ನಿವೃತ್ತರಾದ ಮೇಲೆ ಹೆಗ್ಡೆ, ಅನಂತರ ಗ್ರೋವರ್ ಆ ಪದವಿಗೆ ಬರಬೇಕಾಗಿತ್ತು. ಅರವತ್ತೈದು ವರ್ಷ ತುಂಬುವ 1974ರ ಜೂನ್‌ವರೆಗೆ, ಸುಮಾರು ಹನ್ನೊಂದು ತಿಂಗಳು, ಕೌಡೂರಿನ ಈ ಮಗ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿರುತ್ತಿದ್ದರು. ಆದರೆ ತೀರ್ಪು ಹೊರಬಿದ್ದ ಮರುದಿನವೇ ಸರ್ಕಾರದ ನಿರ್ಧಾರ ಪ್ರಕಟವಾಯಿತು. ಮೂವರನ್ನೂ ದಾಟಿ ನಾಲ್ಕನೆಯವರಾದ ಎ. ಎನ್. ರೇ ಅವರಿಗೆ ಆ ಪದವಿ ಸಂದಿತು. ದಾಟಿಹೋದ ಮೂವರೂ ಬಹುಮತದ ತೀರ್ಪನ್ನಿತ್ತವರು. ರೇ ಅವರು ಅಲ್ಪಮತದವರು.

ಮೂವರೂ ರಾಜೀನಾಮೆ ನೀಡಿದರು. ಹಾಗೆ ಮಾಡಬೇಕೆಂಬ ನಿಯಮವೇನೂ ಇರಲಿಲ್ಲ. ಹೆಗ್ಡೆಯವರು ಬಯಸಿದ್ದರೆ ಇನ್ನೊಂದು ವರ್ಷಕ್ಕಿಂತ ಹೆಚ್ಚು ಕಾಲ ಅದೇ ಗೌರವ, ಅದೇ ವೇತನ, ಅದೇ ನಿವಾಸದೊಡನೆ ಇರಬಹುದಾಗಿತ್ತು. ಕಿರಿಯರೊಬ್ಬರ ಅಧೀನದಲ್ಲಿ ಕುಳಿತುಕೊಳ್ಳುವ ಸಂಕೋಚ ಇದಕ್ಕೆ ಕಾರಣವೆಂದು ಭಾವಿಸುವುದು ಅವರಿಗೆ ಅನ್ಯಾಯ ಮಾಡಿದಂತೆ. ಸರ್ಕಾರಕ್ಕೆ ಮೆಚ್ಚುಗೆಯಾಗದ ತೀರ್ಪನ್ನಿತ್ತವರಿಗೆ ಪದವಿಯಿಲ್ಲವೆಂಬ ಸೂಚನೆ ಮುಂದಿನ ನ್ಯಾಯಾಧೀಶರೆಲ್ಲರ ಕಿವಿಗೆ ತಲುಪುವುದಿತ್ತು. ಸುಮ್ಮನೆ ಕುಳಿತರೆ ಆ ಸೂಚನೆಗೆ ತಾವೂ ತಲೆಬಾಗಿದಂತಾಗುತ್ತಿತ್ತು. ಮೇ 2ರಂದು ಲೋಕಸಭೆಯಲ್ಲಿ ಸಚಿವ ಮೋಹನ ಕುಮಾರಮಂಗಲಂ ಅವರು ಸರ್ಕಾರದ ನಡೆಯನ್ನು ಸಮರ್ಥಿಸುತ್ತ, ಮುಖ್ಯ ನ್ಯಾಯಮೂರ್ತಿಯನ್ನು ಆರಿಸುವಾಗ ಅವರ ಸಾಮಾಜಿಕ ದೃಷ್ಟಿಯನ್ನು ನೋಡುವುದು ಸರ್ಕಾರದ ಹಕ್ಕೆಂದು ವಾದಿಸಿದರು. ವಾದದಲ್ಲಿ ಚಾತುರ್ಯವಿತ್ತು. ಆದರೆ ಪಂದ್ಯದಲ್ಲಿ ಆಡುವ ಒಂದು ಪಕ್ಷವೇ ತೀರ್ಪುಗಾರನನ್ನು ತನ್ನ ಅಭಿರುಚಿಗೆ ತಕ್ಕಂತೆ ಆರಿಸಿಕೊಂಡರೆ ಆಟದ ಗತಿಯೇನೆಂಬ ಸಾಮಾನ್ಯರ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. 1971ರಲ್ಲಿ ಇಂದಿರಾ ಗಾಂಧಿಯವರು ರಾಯಬರೇಲಿಯಿಂದ ಚುನಾಯಿತರಾದುದನ್ನು ಪ್ರಶ್ನಿಸಿ ರಾಜನಾರಾಯಣರು ಅಲಹಾಬಾದಿನ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದ್ದರು. ಅರ್ಜಿಯನ್ನು ತಿದ್ದಿ ವಿವರಗಳನ್ನು ಸೇರಿಸಲು ಅಲ್ಲಿ ಅನುಮತಿ ದೊರೆಯದಿದ್ದಾಗ, 1972ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರ ಪೀಠವು ಅನುಮತಿಯನ್ನಿತ್ತಿತು. ಆ ತೀರ್ಪನ್ನು ಬರೆದವರು ಹೆಗ್ಡೆ. ಅಂದು ಅದು ಪತ್ರಿಕೆಗಳಲ್ಲಿ ಸದ್ದು ಮಾಡದ ಸಣ್ಣ ತೀರ್ಪು. 1975ರ ಜೂನ್ 12ರಂದು ಅದೇ ದಾವೆಯಲ್ಲಿ ಪ್ರಧಾನಿಯವರ ಆಯ್ಕೆ ಅಸಿಂಧುವೆಂದು ಘೋಷಿತವಾಯಿತು. ಹದಿಮೂರು ದಿನಗಳಲ್ಲಿ ದೇಶದ ಮೇಲೆ ತುರ್ತುಪರಿಸ್ಥಿತಿ ಬಂದಿತು. ಪತ್ರಿಕೆಗಳ ಬಾಯಿ ಕಟ್ಟಿತು. ವಿರೋಧ ಪಕ್ಷಗಳ ನಾಯಕರು ಸೆರೆಮನೆ ಸೇರಿದರು. ಸೆರೆಯಾದವನಿಗೆ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕೂ ಇಲ್ಲವೆಂದು 1976ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಐವರಲ್ಲಿ ಭಿನ್ನಮತ ಬರೆದವರು ಒಬ್ಬರೇ, ಎಚ್. ಆರ್. ಖನ್ನಾ. 1977ರ ಜನವರಿಯಲ್ಲಿ ಅವರನ್ನೂ ದಾಟಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಅವರೂ ರಾಜೀನಾಮೆ ನೀಡಿದರು. 1966ರಲ್ಲಿ ದೆಹಲಿಯ ಹೊಸ ನ್ಯಾಯಾಲಯದಲ್ಲಿ ಒಟ್ಟಿಗೆ ಕುಳಿತ ನಾಲ್ವರಲ್ಲಿ ಇಬ್ಬರಿಗೆ ಒಂದೇ ಬಗೆಯ ಬಹುಮಾನ ದೊರೆತಂತಾಯಿತು.

1977ರ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ ಹೆಗ್ಡೆಯವರಿಗೆ ಅರವತ್ತೇಳು ವರ್ಷ. ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಜನತಾ ಪಕ್ಷದ ಅಭ್ಯರ್ಥಿಯಾಗಿ ಅವರು ಸ್ಪರ್ಧಿಸಿದರು. ಎದುರಾಳಿಯಾಗಿದ್ದವರು, ಅಠಾರಾ ಕಚೇರಿಯ ಎದುರು ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರೇ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದರೂ ಕರ್ನಾಟಕದಲ್ಲಿ ಅದು 28 ಸ್ಥಾನಗಳಲ್ಲಿ 26ನ್ನು ಗೆದ್ದಿತು. ಉಳಿದ ಎರಡರಲ್ಲಿ ಒಂದು ಹಾಸನ, ಇನ್ನೊಂದು ಬೆಂಗಳೂರು ದಕ್ಷಿಣ. ಪ್ರವಾಹಕ್ಕೆ ಎದುರಾಗಿ ಈಜಿ ದಡ ಸೇರಿದ ಗೆಲುವು ಅದು.

ಸಭಾಧ್ಯಕ್ಷರಾಗಿದ್ದ ನೀಲಂ ಸಂಜೀವರೆಡ್ಡಿಯವರು ರಾಷ್ಟ್ರಪತಿ ಪದವಿಗೆ ಸ್ಪರ್ಧಿಸಲು ರಾಜೀನಾಮೆ ಕೊಟ್ಟುದರಿಂದ, 1977ರ ಜುಲೈ 21ರಂದು ಹೆಗ್ಡೆಯವರು ಲೋಕಸಭೆಯ ಸಭಾಧ್ಯಕ್ಷರಾದರು. ಲೋಕಸಭೆಯನ್ನು ಮೊದಲ ಬಾರಿಗೆ ಪ್ರವೇಶಿಸಿದ ಅವಧಿಯಲ್ಲಿಯೇ ಈ ಗೌರವ ಅವರಿಗೆ ಸಂದಿತು. ಅವರ ಅಧ್ಯಕ್ಷತೆಯ ಸಭೆಯು ಸಂವಿಧಾನಕ್ಕೆ 44ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ತುರ್ತುಪರಿಸ್ಥಿತಿಯನ್ನು ಮನಬಂದಂತೆ ಘೋಷಿಸದಂತೆ ಅದು ಬಿಗಿಮಾಡಿತು. ಆರು ವರ್ಷಕ್ಕೆ ಹಿಗ್ಗಿದ್ದ ಲೋಕಸಭೆಯ ಅವಧಿಯನ್ನು ಮತ್ತೆ ಐದಕ್ಕೆ ಇಳಿಸಿತು. ಅದೇ ತಿದ್ದುಪಡಿಯು ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದುಹಾಕಿತು. ಹಿಂದೆ ಬ್ಯಾಂಕುಗಳ ಮೊಕದ್ದಮೆಯಲ್ಲಿ ಯಾವ ಹಕ್ಕನ್ನು ಆಧರಿಸಿ ತೀರ್ಪು ನೀಡಿದ್ದರೋ ಆ ಹಕ್ಕಿನ ಸ್ಥಾನವು ಬದಲಾದಾಗ ಹೆಗ್ಡೆಯವರು ಸಭಾಪೀಠದಲ್ಲಿದ್ದರು. ಸಂವಿಧಾನದ ಗೋಡೆಯ ಒಂದು ಕಲ್ಲು ತೆಗೆದರೂ ಅಡಿಪಾಯ ಕದಲಲಿಲ್ಲ.

ಅವರ ಅಧಿಕಾರಾವಧಿಯ ಕಠಿಣ ದಿನ 1978ರ ಡಿಸೆಂಬರ್ 19. ಕಾರ್ಕಳದಿಂದ ಘಟ್ಟ ಹತ್ತಿದರೆ ಸಿಗುವ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ನವೆಂಬರ್ ತಿಂಗಳಷ್ಟೆ ಗೆದ್ದು ಇಂದಿರಾ ಗಾಂಧಿಯವರು ಲೋಕಸಭೆಗೆ ಮರಳಿದ್ದರು. ಅವರು ಪ್ರಧಾನಿಯಾಗಿದ್ದಾಗ, ಸಂಸತ್ತಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಒದಗಿಸಲು ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಕಿರುಕುಳವಾಯಿತೆಂಬ ಆರೋಪವಿತ್ತು. ಹಕ್ಕುಬಾಧ್ಯತೆಗಳ ಸಮಿತಿಯು ಅದನ್ನು ನಿಜವೆಂದಿತು. ಸದನವು ಮತಗಳ ಬಹುಮತದಿಂದ ಅವರ ಸದಸ್ಯತ್ವವನ್ನು ರದ್ದು ಮಾಡಿ, ಅಧಿವೇಶನ ಮುಗಿಯುವವರೆಗೆ ಸೆರೆಮನೆಗೆ ಕಳುಹಿಸಿತು. ತಮ್ಮನ್ನು ದಾಟಿಹೋದ ಸರ್ಕಾರದ ನಾಯಕಿ ಹೀಗೆ ಸದನದಿಂದ ಹೊರನಡೆದಾಗ ಸಭಾಪೀಠದಲ್ಲಿ ಇದ್ದವರು ಹೆಗ್ಡೆ.

ವಿಧಿಯ ವಿನೋದವೆಂದು ಹಲವರು ಇದನ್ನು ಬಣ್ಣಿಸಿದ್ದುಂಟು. ಬಣ್ಣನೆಯಲ್ಲಿ ಮೈಮರೆಯದೆ ಯೋಚಿಸಿದರೆ ಬೇರೊಂದು ಸಂದೇಹ ಏಳುತ್ತದೆ. ಸದನದ ಗೌರವಕ್ಕೆ ಭಂಗ ಬಂದಿತೆಂದು ದೂರಿದವರೂ, ವಿಚಾರಿಸಿದವರೂ, ಶಿಕ್ಷೆ ವಿಧಿಸಿದವರೂ ಒಂದೇ ಸದನದವರು. ಕಾಶ್ಮೀರದ ಅರಣ್ಯಾಧಿಕಾರಿಗೆ ಹೆಗ್ಡೆಯವರು ಅನ್ವಯಿಸಿದ ನಿಯಮವು ಇಲ್ಲಿ ಎಲ್ಲಿ ಹೋಯಿತು? ಸಂವಿಧಾನವು ಸದನಗಳಿಗೆ ಇಂತಹ ವಿಶೇಷಾಧಿಕಾರವನ್ನು ಕೊಟ್ಟಿದೆ ನಿಜ. ಸಭಾಧ್ಯಕ್ಷರು ಸಾಮಾನ್ಯವಾಗಿ ಮತ ಹಾಕುವುದಿಲ್ಲ, ಸದನದ ತೀರ್ಮಾನವನ್ನು ತಡೆಯುವ ಶಕ್ತಿಯೂ ಅವರಿಗಿಲ್ಲ. ಆದರೂ ಎಣಿಕೆಯ ಬಲವು ಮಿತಿ ಮೀರಬಾರದೆಂದು ನ್ಯಾಯಪೀಠದಿಂದ ಹೇಳಿದವರ ಎದುರಿನಲ್ಲೇ ಎಣಿಕೆಯ ಬಲವು ತೀರ್ಪುಗಾರನಾಗಿ ವರ್ತಿಸಿತೆಂಬುದು ಉಳಿದುಕೊಳ್ಳುವ ಮಾತು. ಇಂದಿರಾ ಗಾಂಧಿಯವರು ಮತ್ತೆ ಅಧಿಕಾರಕ್ಕೆ ಬಂದ ಬಳಿಕ, 1981ರ ಮೇ 7ರಂದು, ಮುಂದಿನ ಲೋಕಸಭೆಯು ಆ ನಿರ್ಣಯವನ್ನು ರದ್ದುಪಡಿಸಿತು. ಅದನ್ನು ಮಾಡಿದ್ದೂ ಎಣಿಕೆಯ ಬಲವೇ.

1979ರ ಜುಲೈಯಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರ ಕುಸಿಯಿತು. ಅನಂತರ ಬಂದ ಚರಣಸಿಂಗರು ಸದನವನ್ನು ಎದುರಿಸುವ ಮೊದಲೇ ರಾಜೀನಾಮೆ ನೀಡಿದರು. ಆಗಸ್ಟ್ 22ರಂದು ಲೋಕಸಭೆ ವಿಸರ್ಜನೆಯಾಯಿತು. ಸದನವೇ ಇಲ್ಲದ ಮೇಲೆ ಸಭಾಧ್ಯಕ್ಷರೆಲ್ಲಿ ಎಂದು ತೋರಬಹುದು. ಆದರೆ ಲೋಕಸಭೆ ವಿಸರ್ಜನೆಯಾದರೂ ಹೊಸ ಸದನದ ಪ್ರಥಮ ಸಭೆ ಸೇರುವ ಮುನ್ನಿನ ಗಳಿಗೆಯವರೆಗೆ ಸಭಾಧ್ಯಕ್ಷರು ಪದವಿಯಲ್ಲಿರಬೇಕೆಂದು ಸಂವಿಧಾನದ 94ನೆಯ ವಿಧಿ ಹೇಳುತ್ತದೆ. ಪ್ರಜೆಗಳ ಸದನವು ಒಂದು ದಿನವೂ ವಾರಸುದಾರರಿಲ್ಲದ ಮನೆಯಾಗಬಾರದೆಂಬುದು ಇದರ ಆಶಯ. ಹೀಗೆ ಹೆಗ್ಡೆಯವರು ಬರಿದಾದ ಸಭಾಂಗಣದ ಅಧ್ಯಕ್ಷರಾಗಿ ಐದು ತಿಂಗಳಿದ್ದು, 1980ರ ಜನವರಿ 21ರಂದು ಪದವಿಯಿಂದ ಇಳಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಭಾರತೀಯ ಜನತಾ ಪಕ್ಷವು ಸ್ಥಾಪನೆಯಾದಾಗ ಅದನ್ನು ಸೇರಿ, 1986ರವರೆಗೆ ಅದರ ಉಪಾಧ್ಯಕ್ಷರಲ್ಲಿ ಒಬ್ಬರಾಗಿದ್ದರು. 1984ರ ಚುನಾವಣೆಯಲ್ಲಿ ಲೋಕಸಭೆಗೆ ಇಬ್ಬರನ್ನಷ್ಟೆ ಕಳುಹಿಸಲು ಶಕ್ತವಾಗಿದ್ದ ಪಕ್ಷದಲ್ಲಿ ಪದವಿಯ ಆಸೆಗಾಗಿ ಯಾರೂ ಇರುವಂತಿರಲಿಲ್ಲ. ಬಳಿಕ ಅವರು ರಾಜಕೀಯದಿಂದ ಹಿಂದೆ ಸರಿದರು.

ಆ ವೇಳೆಗೆ ಅವರ ಮನಸ್ಸು ಊರಿನ ಕಡೆಗೆ ತಿರುಗಿತ್ತು. ಸಭಾಧ್ಯಕ್ಷರಾಗಿದ್ದ ಕಾಲದಲ್ಲಿಯೇ, 1979ರಲ್ಲಿ, ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ವಿದ್ಯಾಸಂಸ್ಥೆಯೊಂದನ್ನು ಸ್ಥಾಪಿಸಿದ್ದರು. 1986ರಲ್ಲಿ ಅಲ್ಲಿ ತಾಂತ್ರಿಕ ಕಾಲೇಜೂ ಆರಂಭವಾಯಿತು. ಮದರಾಸಿಗೆ ಹೋಗಿ ಓದಬೇಕಾಗಿದ್ದ ಸೀಮೆಗೆ ಬೇರೆ ನಾಡುಗಳ ವಿದ್ಯಾರ್ಥಿಗಳು ಓದಲು ಬರುವಂತಾಯಿತು. ಇಲ್ಲಿ ಹೆಸರಿನ ವಿಷಯವೊಂದು ಉಂಟು. ತಂದೆಯ ಹೆಸರಿನ ಮುಂದೆ ಕೌಡೂರು. ಮಕ್ಕಳ ಹೆಸರಿನ ಮುಂದೆ ನಿಟ್ಟೆ. ಅಳಿಯಸಂತಾನದ ಪದ್ಧತಿಯಲ್ಲಿ ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರಾದುದೇ ಇದಕ್ಕೆ ಕಾರಣ.

1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು, ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶ ಕೊಡದೆ, ಕೇಂದ್ರವು ವಜಾ ಮಾಡಿತು. ಆ ಪ್ರಕರಣವು ಸರ್ವೋಚ್ಚ ನ್ಯಾಯಾಲಯದಲ್ಲಿರುವಾಗಲೇ, 1990ರ ಮೇ 24ರಂದು, ಹೆಗ್ಡೆಯವರು ನಿಧನರಾದರು. 1994ರಲ್ಲಿ ಹೊರಬಿದ್ದ ಬೊಮ್ಮಾಯಿ ತೀರ್ಪು, ಸರ್ಕಾರದ ಬಲಾಬಲವನ್ನು ಅಳೆಯಬೇಕಾದುದು ರಾಜ್ಯಪಾಲರ ಮನೆಯಲ್ಲಲ್ಲ, ಶಾಸನಸಭೆಯ ನೆಲದ ಮೇಲೆ ಎಂದಿತು. ಜಾತ್ಯತೀತತೆಯು ಸಂವಿಧಾನದ ಮೂಲಸ್ವರೂಪಕ್ಕೆ ಸೇರಿದುದೆಂದೂ ಹೇಳಿತು. ಐದು ವರ್ಷಗಳ ಬಳಿಕ, 1999ರ ಜನವರಿಯಲ್ಲಿ, ಹೆಗ್ಡೆಯವರ ಮಗ ನಿಟ್ಟೆ ಸಂತೋಷ ಹೆಗ್ಡೆಯವರು ಅದೇ ನ್ಯಾಯಾಲಯದ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ತಂದೆ ಅಲ್ಲಿಂದ ಹೊರನಡೆದು ಆಗ ಇಪ್ಪತ್ತೈದು ವರ್ಷಗಳು ಕಳೆದಿದ್ದವು.